ಡ್ರಮ್ ನಿಂತ ಮೇಲೆ

2015ರ ನವೆಂಬರ್ 17, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟೆಸ್ಟಿಗೆ ಹಾಕಿದ್ದ ವಾಷಿಂಗ್ ಮಷಿನ್ನಿನ ಡ್ರಮ್ಮು ಕೊನೆಯ ಸುತ್ತು ಮುಗಿಸಿ ನಿಧಾನವಾಯಿತು. ಗೋಡೆಗೆ ಒರಗಿಸಿದ್ದ ತಗಡುಗಳ ನಡುಕ ನಿಂತಿತು. ಆ ಹೊತ್ತಿಗೆ ಸರಿಯಾಗಿ ಅವಳು, ಕೈಯಲ್ಲಿದ್ದ ಮಿಕ್ಸಿ ಮೋಟರಿನಿಂದ ಕಣ್ಣೆತ್ತದೆ, ಹೇಳಿಬಿಟ್ಟಳು.

"ನಾವಿಬ್ಬರೂ ಮದುವೆ ಮಾಡ್ಕೊಳ್ಳೋಣ್ವಾ?"

ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು. ಸದ್ದಿನ ನಡುವೆ ಕೂಗಿ ಹೇಳುವ ಮಾತು ಇದಲ್ಲವೆಂದು ಅವಳು ಕಾದಿದ್ದಳು. ಧ್ವನಿ ಸಣ್ಣದಾಗಿಯೇ ಬಂತು. ಆದರೂ ಕೋಣೆಯ ಮೌನದಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಅವಳಿಗೆ ಅನ್ನಿಸಿತು.

ಅವನು ಬೆನ್ನು ಹಾಕಿ, ಮಷಿನ್ನಿನ ಮೇಲೆ ಬಾಗಿ ನಿಂತಿದ್ದ. ತಿರುಗಲಿಲ್ಲ. ನೆಟ್ಟಗಾದ, ಪ್ಲಗ್ ಕಿತ್ತ, ಹಳದಿ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ. ಹಿಂದಿನ ಬಾಗಿಲು ತೆಗೆದು ಅಂಗಳಕ್ಕೆ ಹೋದ. ನಲ್ಲಿಯ ನೀರು ಬೀಳುವ ಸದ್ದು ಬಂತು.

ಅವಳು ಕೈಯಲ್ಲಿದ್ದ ಮೋಟರನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಕೆಟ್ಟ ಮೋಟರನ್ನು ಇನ್ನಷ್ಟು ಕೆಡಿಸುವುದು ಬೇಡ ಅನ್ನಿಸಿತು.

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೀಟರ್ ಎಂದು. ಕರೆಂಟ್ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿ ನೋಡದೆ ಯಾವ ಮಾತನ್ನೂ ನಂಬುವವಳಲ್ಲ ಎಂದು ಅಪ್ಪನೇ ಇಟ್ಟ ಹೆಸರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಅಪ್ಪನ ಬಲಗೈ ಬಲಗಾಲು ಒಂದು ಬೆಳಿಗ್ಗೆ ಸ್ವಾಧೀನ ತಪ್ಪಿದಾಗ ಅವರ ಸ್ಟೂಲಿನ ಮೇಲೆ ಬಂದು ಕೂತಳು, ಏಳಲಿಲ್ಲ. ಬಂದ ಸಂಬಂಧಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಅಪ್ಪ ಹೋದರು. ಅಂಗಡಿ ಉಳಿಯಿತು, ಮೂವತ್ತಾರು ವರ್ಷದ ಅವಳು ಉಳಿದಳು, ಮುಂದೆ ಕೌಂಟರಿನಲ್ಲಿ ಫೋನು ಎತ್ತಲು ಚಿಕ್ಕಮ್ಮ ಉಳಿದರು.

ಅಪ್ಪ ಬಿಟ್ಟುಹೋದ ಪಾಠ ಒಂದೇ. "ಬಿಡಿಭಾಗ ಕೆಟ್ಟಿದೆ ಅನ್ನೋ ಮೊದಲು, ಅದರ ತನಕ ಕರೆಂಟ್ ಬರ್ತಿದೆಯಾ ನೋಡು. ಅರ್ಧ ಜನ ಒಳ್ಳೇ ಮೋಟರನ್ನ ಗುಜರಿಗೆ ಹಾಕೋದು ಇಲ್ಲೇ."

ಅವನು ಬಂದದ್ದು ಹಿಂದಿನ ಚಳಿಗಾಲದಲ್ಲಿ, ಕೆಲಸ ಕೇಳಿಕೊಂಡು. ಪರೀಕ್ಷೆಗೆಂದು ಅವಳು ಒಂದು ಹಳೆಯ ವಾಷಿಂಗ್ ಮಷಿನ್ ತೋರಿಸಿದ್ದಳು. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಷಿನ್ನಿನ ಬೆನ್ನಿಗೆ ಒತ್ತಿ, ಹಿಡಿಯನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತ. "ಹಿಂದಿನ ಬೇರಿಂಗ್. ಒಳಗೆ ತುಕ್ಕು" ಎಂದ. ಬಿಚ್ಚಿದಾಗ ಇದ್ದದ್ದು ಅದೇ. ಚಿಕ್ಕಮ್ಮ ಅಂದೇ ಅವನಿಗೆ ಡಾಕ್ಟ್ರು ಎಂದು ಹೆಸರಿಟ್ಟರು.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಯಾದ ಪ್ರತಿ ಮಷಿನ್ನಿಗೂ ಬಟ್ಟೆ ತುಂಬಿ ಪೂರ್ತಿ ಒಂದು ಸಲ ಓಡಿಸಿ ನೋಡಬೇಕು. ಕೊನೆಗೆ ಡ್ರಮ್ಮು ಜೋರಾಗಿ ತಿರುಗುವಾಗ ಕೋಣೆಯೆಲ್ಲ ಗಡಗಡ ಅನ್ನುತ್ತಿತ್ತು. ಕೂಗದೆ ಮಾತಾಡುವಂತಿರಲಿಲ್ಲ. ಅವರಿಬ್ಬರ ಸ್ನೇಹ ಬೆಳೆದದ್ದು ಆ ಗಡಗಡದ ನಡುವೆ. ಜಗತ್ತಿನಲ್ಲಿ ಗುಟ್ಟುಗಳನ್ನು ಪಿಸುಗುಟ್ಟುತ್ತಾರೆ. ಇವರು ಕೂಗಿ ಹೇಳಿಕೊಂಡರು.

"ಡಾಕ್ಟ್ರೇ, ಪೇಷಂಟ್ ಹೇಗಿದ್ದಾರೆ?"

"ಸೊಂಟ ನೋವು! ಹೊಸ ಬೇರಿಂಗ್ ಹಾಕಿದ್ದೀನಿ, ಇನ್ನೂ ಐದು ವರ್ಷ ಕುಣೀತಾರೆ!"

"ನನಗೂ ಒಂದು ಹಾಕಿ!"

"ನಿಮ್ಮ ಬೇರಿಂಗ್ ಸರಿಯಾಗಿದೆ ಮೀಟರ್! ಬೆಲ್ಟ್ ಮಾತ್ರ ಸ್ವಲ್ಪ ಜಾಸ್ತಿ ಬಿಗಿ!"

ಅವಳು ಎಣ್ಣೆ ಬಟ್ಟೆಯ ಉಂಡೆ ಎಸೆಯುತ್ತಿದ್ದಳು. ಅವನು ನಗುತ್ತ ಹಿಡಿಯುತ್ತಿದ್ದ. ಮುಂದಿನ ಕೋಣೆಯಿಂದ ಚಿಕ್ಕಮ್ಮ, "ಏನು ಸರ್ಕಸ್ಸೋ ಏನೋ!" ಅನ್ನುತ್ತಿದ್ದರು.

ಡ್ರಮ್ಮು ನಿಂತರೆ ಅವನು ಬೇರೆಯೇ ಮನುಷ್ಯ. ಒಂದೋ ತಲೆ ತಗ್ಗಿಸಿ ಸ್ಕ್ರೂ ಹುಡುಕುತ್ತಿದ್ದ, ಇಲ್ಲವೇ ಅವಳನ್ನೇ ನೋಡುತ್ತಿದ್ದ. ಕಣ್ಣನ್ನಲ್ಲ. ಅವನ ನೋಟ ಅವಳ ತುಟಿಗಳ ಮೇಲೆ ಬಂದು ಕೂರುತ್ತಿತ್ತು, ಮಾತು ಮುಗಿಯುವವರೆಗೂ ಏಳುತ್ತಿರಲಿಲ್ಲ. ಮೊದಮೊದಲು ಅವಳು ಮುಖದಲ್ಲಿ ಏನಾದರೂ ಮೆತ್ತಿಕೊಂಡಿದೆಯೇ ಎಂದು ಒರೆಸಿಕೊಂಡಳು. ಆಮೇಲೆ ಒರೆಸುವುದನ್ನು ಬಿಟ್ಟಳು. ಆಮೇಲೆ ಆ ನೋಟಕ್ಕಾಗಿಯೇ ಮಾತನ್ನು ಉದ್ದ ಮಾಡಿದಳು. ಅದೇ ಧೈರ್ಯದ ಮೇಲೆ ಅವಳು ಮಂಗಳವಾರ ಬಾಯಿ ತೆರೆದಿದ್ದು.

ಬುಧವಾರ ಅವನು ಎಂದಿನಂತೆ ಬಂದ. "ಯಾಕೆ ಮಂಕಾಗಿದ್ದೀರಿ?" ಎಂದು ಕೇಳಿದ. ಅವಳಿಗೆ ಮೈಯೆಲ್ಲ ಉರಿಯಿತು. ಬೇಡ ಅಂದಿದ್ದರೆ ಸಹಿಸಬಹುದಿತ್ತು. ಏನೂ ಆಗದವನ ಹಾಗೆ ಕೇಳುತ್ತಾನಲ್ಲ! ತನ್ನ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಕಿಟಕಿಯಾಚೆ ಬೂದಿ ಬಣ್ಣದ ಆಕಾಶ, ಎದುರು ಕಟ್ಟಡದ ಕಿಟಕಿಯಿಲ್ಲದ ಗೋಡೆ. ಅವನು ಸ್ವಲ್ಪ ಹೊತ್ತು ಅವಳ ಬೆನ್ನನ್ನು ನೋಡಿದ. ಆಮೇಲೆ ಅವನೂ ಮಾತು ಬಿಟ್ಟ.

"ಏನೇ ಅದು, ಇಬ್ಬರ ನಡುವೆ ಫ್ಯೂಸ್ ಹೋಗಿದೆಯಾ?" ಚಿಕ್ಕಮ್ಮ ಮಧ್ಯಾಹ್ನ ಕೇಳಿದರು.

"ಏನಿಲ್ಲ ಚಿಕ್ಕಮ್ಮ."

"ನನ್ನ ತಲೆಕೂದಲು ಬಿಸಿಲಿಗೆ ಬೆಳ್ಳಗಾಗಿಲ್ಲ ಕಣೇ. ಹೇಳಿದ್ಯಾ?"

ಅವಳು ತಲೆಯಾಡಿಸಿದಳು.

"ಏನಂದ?"

"ಕೈ ತೊಳಿಯೋಕೆ ಹೋದ್ರು."

ಚಿಕ್ಕಮ್ಮ, "ಹೋಗ್ಲಿ ಬಿಡು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು" ಎಂದು ನಿಟ್ಟುಸಿರಿಟ್ಟರು.

ಗುರುವಾರ ಫೋನು ಬಂತು. ಮಂಗಳವಾರ ಟೆಸ್ಟ್ ಮಾಡಿ ಕಳಿಸಿದ್ದ ಮಷಿನ್ನಿನ ಒಡತಿ, ಎರಡು ಬೀದಿ ಆಚೆಯ ಟೀಚರಮ್ಮ. ನಿವೃತ್ತರಾದವರು, ಒಬ್ಬರೇ ಇರುವವರು. ಮಷಿನ್ನಿನಲ್ಲಿ ನೀರು ಹೊರಗೆ ಹೋಗದೆ ನಿಂತಿದೆ. ಅವರು ಕೆಳಗಿನ ಫಿಲ್ಟರಿನ ಮುಚ್ಚಳ ತಿರುಗಿಸಿದ್ದಾರೆ. ತುಂಬಿದ್ದ ಸೋಪಿನ ನೀರೆಲ್ಲ ಅಡುಗೆಮನೆಗೆ ನುಗ್ಗಿದೆ. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ.

ಚಿಕ್ಕಮ್ಮ ಫೋನು ಇಟ್ಟವರೇ ಹಿಂದಿನ ಕೋಣೆಗೆ ಬಂದು ಅವನ ಮುಂದೆ ನಿಂತರು. "ಏನ್ರೀ ಡಾಕ್ಟ್ರೇ, ಟೆಸ್ಟ್ ಮಾಡಿ ಎಲ್ಲ ಸರಿ ಇದೆ ಅಂದ್ರಲ್ಲ! ಪಂಪು ಜಾಮ್ ಆಗಿದ್ದು ಗೊತ್ತಾಗ್ಲಿಲ್ವಾ? ಪಾಪ ಆ ವಯಸ್ಸಲ್ಲಿ ಕೈ ಮುರ್ಕೊಂಡಿದ್ದಾರೆ!"

ಅವನ ಮುಖ ಸುಣ್ಣದ ಗೋಡೆಯಾಯಿತು. ಅವನು ವಾದಿಸಲಿಲ್ಲ. "ತಪ್ಪು ನಂದೇ. ಬೇರಿಂಗ್ ಒಂದೇ ನೋಡ್ದೆ" ಎಂದ. ಸ್ವಲ್ಪ ತಡೆದು, "ಶನಿವಾರದ ತನಕ ಇರ್ತೀನಿ. ಆಮೇಲೆ ನೀವು ಬೇರೆಯವರನ್ನ ನೋಡ್ಕೊಳ್ಳಿ" ಎಂದ.

ಅವಳು ಕಿಟಕಿಯ ಕಡೆಯಿಂದ ತಿರುಗಿದಳು. ಅವನ ಮೇಲಿನ ಸಿಟ್ಟು ಎಲ್ಲಿಯೋ ಜಾರಿಹೋಯಿತು. ಶನಿವಾರಕ್ಕೆ ಒಂದೇ ದಿನ ನಡುವೆ.

ಟೂಲ್ ಬ್ಯಾಗ್ ಎತ್ತಿಕೊಂಡು ಟೀಚರಮ್ಮನ ಮನೆಗೆ ನಡೆದಳು.

ಟೀಚರಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೆ ಕಟ್ಟಿಕೊಂಡು ಬಾಗಿಲು ತೆಗೆದರು. "ಬಾ ತಾಯಿ. ಎಡಗೈಲಿ ಬರೀಬೇಡಿ ಅಂತ ಎಷ್ಟು ಮಕ್ಕಳ ಬೆರಳಿಗೆ ಹೊಡೆದಿದ್ದೀನೋ. ಈಗ ನಾನೇ ಕಲೀಬೇಕು. ಶಾಪ ತಟ್ಟಿರಬೇಕು."

ಅಡುಗೆಮನೆಯ ನೆಲ ಇನ್ನೂ ಜಿಗುಟಾಗಿತ್ತು. ಅವಳು ಒಂದಷ್ಟು ನೀರು ಸುರಿದು, ನೀರು ಹೊರಹಾಕುವ ಬಟನ್ ಒತ್ತಿದಳು. ಪಂಪಿನಿಂದ ಸದ್ದು ಬಂತು. ದಪ್ಪ, ತಗ್ಗಿದ ಸ್ವರದ ಒಂದು ಗೊಣಗು. ಮುಚ್ಚಿದ ಬಾಯೊಳಗೆ ಯಾರೋ ನೋವು ತಡೆದುಕೊಂಡಂತೆ. ಕರೆಂಟ್ ಬರುತ್ತಿದೆ, ಚಕ್ರ ತಿರುಗುತ್ತಿಲ್ಲ. ಬಿಚ್ಚಿದಾಗ ಚಕ್ರದ ಎಲೆಗಳ ನಡುವೆ ರವಿಕೆಯ ಒಂದು ಹುಕ್ಕು ಸಿಕ್ಕಿಕೊಂಡಿತ್ತು. ಒಮ್ಮೆ ಅಡ್ಡ ಬರುತ್ತಿತ್ತು, ಒಮ್ಮೆ ಸರಿಯುತ್ತಿತ್ತು; ಟೆಸ್ಟಿನ ದಿನ ನೀರು ಹೊರಗೆ ಹೋಗಿದ್ದು ಹಾಗೆ.

"ಈ ಗುಂಯ್ ಅನ್ನೋದು ಅಲ್ಲೇ ಕೇಳಿಸ್ಲಿಲ್ವೇನಮ್ಮ ನಿಮಗೆ? ನನಗೆ ಹಜಾರದಲ್ಲಿ ಕೂತಿದ್ರೂ ಕೇಳ್ತು."

ಅವಳು ಹುಕ್ಕನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟಳು.

ಮಂಗಳವಾರ ಹತ್ತೂ ನಲವತ್ತಕ್ಕೆ, ಡ್ರಮ್ಮು ನಿಂತ ಮೇಲೆ, ಪಂಪು ಹೀಗೇ ಗೊಣಗಿರಬೇಕು. ಅವಳು ಅಲ್ಲೇ ಇದ್ದಳು, ಎರಡು ಮಾರು ದೂರದಲ್ಲಿ. ಅವಳಿಗೆ ತನ್ನ ಎದೆ ಬಡಿತ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

"ನನಗೂ ಕೇಳಿಸ್ಲಿಲ್ಲ ಟೀಚರ್" ಎಂದಳು. "ನಾನು ಅಲ್ಲೇ ಇದ್ದೆ. ಬೇರೆ ಏನಕ್ಕೋ ಕಿವಿ ಕೊಟ್ಟು ಕೂತಿದ್ದೆ. ತಪ್ಪಾಯ್ತು."

ಆದರೆ ಅವನಿಗೆ? ಅವನ ಎದೆಯೇನೂ ಬಡಿದುಕೊಳ್ಳುತ್ತಿರಲಿಲ್ಲ. ಅವನು ಮಷಿನ್ನಿನ ಮೇಲೇ ಬಾಗಿದ್ದ. ಹಜಾರದವರೆಗೆ ಕೇಳಿಸುವ ಸದ್ದು ಒಂದು ಗೇಣಿನಲ್ಲಿದ್ದವನಿಗೆ ಯಾಕೆ ಕೇಳಿಸಲಿಲ್ಲ?

ನಡೆಯುತ್ತ ವಾಪಸ್ಸು ಬರುವಾಗ ಅವಳು ಯೋಚಿಸಿದ್ದು ಕೆಟ್ಟ ಯಂತ್ರದ ಮುಂದೆ ಯೋಚಿಸುವ ಹಾಗೆಯೇ. ಕೂಗಿದರೆ ಕೇಳಿಸುತ್ತದೆ. ಡ್ರಮ್ಮು ತಿರುಗುವಾಗ ಮಾತಾಡುತ್ತಾನೆ, ಯಾಕೆಂದರೆ ಆಗ ಎಲ್ಲರೂ ಕೂಗುತ್ತಾರೆ. ನಿಂತ ಮೇಲೆ ಮಾತಾಡುವುದಿಲ್ಲ, ಇಲ್ಲವೇ ತುಟಿ ನೋಡುತ್ತಾನೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ತೂತಿಗಲ್ಲ, ಹಿಂದಿನ ಮೂಳೆಗೆ ಆನಿಸುತ್ತಾನೆ.

ಅವಳು ರಸ್ತೆಯ ಮಧ್ಯದಲ್ಲಿ ನಿಂತಳು. ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದು, ಬೈದು, ಪಕ್ಕದಿಂದ ಹೋದ.

ಕರೆಂಟ್ ಬರುತ್ತಿದೆಯಾ ಎಂದು ನೋಡದೆ, ಒಳ್ಳೆಯ ಮೋಟರನ್ನು ಗುಜರಿಗೆ ಹಾಕಿದ್ದಳು ಅಪ್ಪನ ಮಗಳು.

ಅಂಗಡಿಯಲ್ಲಿ ಅವನು ಬೆನ್ನು ಹಾಕಿ ಕೂತು ಒಂದು ಓವನ್ನಿನ ಬಾಗಿಲು ಜೋಡಿಸುತ್ತಿದ್ದ. ಚಿಕ್ಕಮ್ಮ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಯಾವ ಯಂತ್ರವೂ ಓಡುತ್ತಿರಲಿಲ್ಲ. ಅವಳು ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಸಾಧಾರಣ ಧ್ವನಿಯಲ್ಲಿ ಹೇಳಿದಳು:

"ನಿಮ್ಮ ಕಾಲ ಹತ್ರ ಹಾವಿದೆ."

"ಅಯ್ಯೋ ದೇವರೇ! ಎಲ್ಲಿ? ಎಲ್ಲೇ?" ಚಿಕ್ಕಮ್ಮ ಟೀ ಸಮೇತ ಸ್ಟೂಲಿನ ಮೇಲೆ ಹತ್ತಿ ನಿಂತರು.

ಅವನು ಸ್ಕ್ರೂ ತಿರುಗಿಸುತ್ತಲೇ ಇದ್ದ. ಒಂದು ಸುತ್ತು, ಇನ್ನೊಂದು ಸುತ್ತು, ಮೆಲ್ಲಗೆ, ಗಾಜು ಒಡೆಯದ ಹಾಗೆ.

ಚಿಕ್ಕಮ್ಮ ಮೊದಲು ನೆಲ ನೋಡಿದರು, ಆಮೇಲೆ ಅವನ ಬೆನ್ನು ನೋಡಿದರು, ಆಮೇಲೆ ಅವಳ ಮುಖ. ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಕಿನ್ನರಿಯ ಗಾದೆ ನೆನಪಾಗಿರಬೇಕು. ಸದ್ದಿಲ್ಲದೆ ಕೆಳಗಿಳಿದು, "ನಾನು ಟೀಚರಮ್ಮನ್ನ ಮಾತಾಡಿಸ್ಕೊಂಡು ಬರ್ತೀನಿ. ಒಂದು ಸಾರಿ ಬಾಯಿ ಸುಟ್ಕೊಂಡಿದ್ದು ಸಾಕು" ಎಂದು ಮುಂದಿನ ಬಾಗಿಲು ಎಳೆದುಕೊಂಡು ಹೋದರು.

ಅವಳು ಹೋಗಿ ಅವನ ಎದುರಿಗೆ, ಟ್ಯೂಬ್‌ಲೈಟಿನ ಬೆಳಕು ಮುಖದ ಮೇಲೆ ಬೀಳುವಂತೆ, ಕೂತಳು.

"ಯಾವಾಗಿಂದ?"

ಅವನು ಅವಳ ತುಟಿ ನೋಡಿದ. ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಸಿಕ್ಕಿಬಿದ್ದವನ ಮುಖವಲ್ಲ ಅದು. ಹೊತ್ತದ್ದನ್ನು ಇಳಿಸಿದವನ ಮುಖ.

"ಏಳೆಂಟು ವರ್ಷ. ಕಿವಿಯೊಳಗೆ ಅಕ್ಕಿ ಕಾಳಿಗಿಂತ ಚಿಕ್ಕ ಮೂಳೆ ಒಂದಿದೆಯಂತೆ. ಸದ್ದು ಬಂದಾಗ ಅದು ಅಲ್ಲಾಡಬೇಕು. ನಂದು ಜಾಮ್ ಆಗಿದೆ. ಒಳಗಿನ ಮೋಟರ್ ಸದ್ಯಕ್ಕೆ ಸರಿಯಾಗೇ ಇದೆ, ಹೊರಗಿನ ಸದ್ದು ಅಲ್ಲಿ ತನಕ ಹೋಗಲ್ಲ. ಮೂಳೆಗೆ ಒತ್ತಿದ್ರೆ ಹೋಗುತ್ತೆ."

"ಆಪರೇಷನ್?"

"ಅಪ್ಪನಿಗೂ ಇದೇ ಇತ್ತು, ಮಾಡಿಸಿದ್ವಿ. ಇದ್ದ ಸ್ವಲ್ಪವೂ ಹೋಯ್ತು. ನನಗೆ ಡಾಕ್ಟರು ಕಿವಿಗೆ ಮಷಿನ್ ಹಾಕ್ಕೊಳ್ಳಿ ಅಂದ್ರು." ಅವನು ನಗಲು ನೋಡಿದ. "ಕಿವಿಗೆ ಮಷಿನ್ ಹಾಕ್ಕೊಂಡವನ ಕೈಗೆ ಯಾರು ಮಷಿನ್ ಕೊಡ್ತಾರೆ ಅಂತ ಹೆದರಿದೆ. ಆ ಹೆದರಿಕೆಗೆ ಟೀಚರಮ್ಮನ ಕೈ ಮುರೀತು."

"ಹಾಗಾದ್ರೆ ನೀವು ನನ್ನ ಬಾಯಿ ನೋಡ್ತಿದ್ದಿದ್ದು... ಬರೀ ಓದೋಕಾ?"

ಅವನು ತಲೆ ತಗ್ಗಿಸಿದ. ಕಿವಿಯ ಅಂಚು ಕೆಂಪಾಯಿತು. ಕೇಳದ ಕಿವಿಗೂ ನಾಚಿಕೆಯಾಗುತ್ತದೆ.

"ಮೊದಮೊದಲು ಓದ್ತಿದ್ದೆ. ಆಮೇಲೆ ಓದು ಮುಗಿದ ಮೇಲೂ ನೋಡ್ತಿದ್ದೆ."

ಕಿಟಕಿಯಾಚೆಯ ಬೂದಿ ಬೆಳಕು ಇನ್ನಷ್ಟು ಮಾಸಿತ್ತು.

"ಮಂಗಳವಾರ, ಡ್ರಮ್ ನಿಂತ ಮೇಲೆ, ನಾನು ಒಂದು ಮಾತು ಹೇಳಿದೆ."

"ಏನು?"

ಅವಳು ಎದ್ದು, ಗೋಡೆಯ ಮೊಳೆಯಿಂದ ಅವನ ಉದ್ದನೆಯ ಸ್ಕ್ರೂಡ್ರೈವರ್ ತೆಗೆದಳು. ತುದಿಗೆ ಹಳದಿ ಬಟ್ಟೆ ಸುತ್ತಿದಳು. ಅವನ ಹಿಂದೆ ಹೋಗಿ, ಹಿಡಿಯನ್ನು ಅವನ ಕಿವಿಯ ಹಿಂದೆ, ಕೂದಲು ಮುಗಿಯುವಲ್ಲಿ, ಮೂಳೆಗೆ ಒತ್ತಿದಳು. ಬಟ್ಟೆ ಸುತ್ತಿದ ತುದಿಯನ್ನು ತನ್ನ ಗಲ್ಲದ ಮೂಳೆಗೆ ಆನಿಸಿಕೊಂಡಳು. ಮಂಗಳವಾರ ಹೇಳಿದ್ದಕ್ಕಿಂತಲೂ ಸಣ್ಣ ಧ್ವನಿಯಲ್ಲಿ, ಗುನುಗಿದ ಹಾಗೆ, ಅದೇ ಮಾತನ್ನು ಹೇಳಿದಳು.

ಅವನ ಬೆನ್ನು ಬಿಗಿಯಾಯಿತು. ಕಣ್ಣು ಮುಚ್ಚಿಕೊಂಡ. ಯಾವುದೋ ಮಷಿನ್ನಿನ ಒಳಗಿನ ಸದ್ದು ಹುಡುಕುವಾಗ ನಿಲ್ಲುವ ಹಾಗೆ, ಅಲುಗಾಡದೆ ಕೂತ. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ಆದರೆ ಸ್ಕ್ರೂಡ್ರೈವರಿನ ಕಬ್ಬಿಣದಲ್ಲಿ ಒಂದು ಸಣ್ಣ ನಡುಕ ಅವಳ ಗಲ್ಲಕ್ಕೂ ಬಂತು.

"ಬೇಡ" ಎಂದ ಅವನು.

ಅವಳು ಕೈ ತೆಗೆಯಲಿಲ್ಲ.

"ಅಮ್ಮ ಅಪ್ಪನ ಹತ್ರ ಇಪ್ಪತ್ತು ವರ್ಷ ಕೂಗಿದಳು. ಊಟಕ್ಕೆ ಬನ್ನಿ ಅನ್ನೋದನ್ನೂ ಜಗಳದ ಹಾಗೆ ಕೂಗ್ಬೇಕಿತ್ತು. ಮೆಲ್ಲಗೆ ಹೇಳೋ ಮಾತುಗಳಿರ್ತಾವಲ್ಲ, ಅವು ಮೊದಲು ನಿಂತುಹೋದವು. ಆಮೇಲೆ ಉಳಿದವೂ ನಿಂತವು. ಕೊನೆಗೆ ಅವರಿಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರ ಹಾಗಿದ್ರು. ನನಗೂ ಒಳಗಿನ ಮೋಟರ್ ನಿಧಾನಕ್ಕೆ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ನಿಮ್ಮನ್ನ ಕೂಗಿಸೋಕೆ ನನಗೆ ಇಷ್ಟ ಇಲ್ಲ ಮೀಟರ್."

ಇದಕ್ಕೆ ಸಮಾಧಾನದ ಮಾತು ಇತ್ತೇ? ಅವಳು ಹುಡುಕಿದಳು. ಸರಿಹೋಗುತ್ತದೆ ಎನ್ನಬಹುದಿತ್ತು, ಆದರೆ ಅಳೆಯದೆ ಏನನ್ನೂ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಅಪ್ಪನ ಕೈಕಾಲು ಸರಿಹೋಗುತ್ತದೆ ಎಂದು ಬಂದವರೆಲ್ಲ ಹೇಳಿದ್ದರು.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು, ಬಾಗಿ, ತನ್ನ ಹಣೆಯನ್ನೇ ಅವನ ಕಿವಿಯ ಹಿಂದೆ ಇಟ್ಟಳು. "ನಾನು ಕೂಗಲ್ಲ" ಎಂದಳು. "ಕಿವಿಗೆ ಮಷಿನ್ ಹಾಕ್ಕೊಳ್ಳಿ. ಅಂಗಡಿ ನಂದು, ಯಾರು ಮಷಿನ್ ಕೊಡಲ್ಲ ಅಂತಾರೋ ನಾನು ನೋಡ್ಕೊಳ್ತೀನಿ. ಟೀಚರಮ್ಮನ ಹತ್ರ ನೀವೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಪಂಪಿಗೂ ಸ್ಕ್ರೂಡ್ರೈವರ್ ಇಡಿ, ಬೇರಿಂಗಿಗೆ ಮಾತ್ರ ಅಲ್ಲ. ಆದ್ರೆ ಮನೆಯಲ್ಲಿ, ಮಷಿನ್ ತೆಗೆದಿಟ್ಟ ಮೇಲೆ, ನಾನು ಕೂಗಲ್ಲ. ಹತ್ತಿರ ಬರ್ತೀನಿ."

"ಇವತ್ತು ಸರಿ. ಬರೋ ವರ್ಷ?"

"ಇನ್ನೂ ಹತ್ತಿರ."

"ಆಮೇಲೆ?"

ಅವಳು ನೆಟ್ಟಗಾದಳು. ಆಮೇಲಿನದು ಅವಳಿಗೂ ಗೊತ್ತಿರಲಿಲ್ಲ. ಕಣ್ಣು ಒರೆಸಿಕೊಂಡು, ಡ್ರಾಯರಿನಿಂದ ಸ್ಟೀಲ್ ಟೇಪು ತೆಗೆದಳು.

"ಇದ್ಯಾಕೆ?" ಎಂದ.

ಎದುರಿಗೆ ಬಂದು, ತುಟಿ ಕಾಣುವಂತೆ ಹೇಳಿದಳು. "ಎಷ್ಟು ದೂರ ಅಂತ ಗೊತ್ತಿಲ್ಲದೆ ಹೆದರ್ತಿದ್ದೀರಿ. ಗೊತ್ತಾಗ್ಲಿ. ತುದಿ ಕಿವಿ ಹತ್ರ ಹಿಡ್ಕೊಳ್ಳಿ. ಕಣ್ಣು ಮುಚ್ಚಿ. ಮೋಸ ಮಾಡೋಹಾಗಿಲ್ಲ."

ಅವನು ಟೇಪಿನ ತುದಿಯನ್ನು ಕಿವಿಯ ಪಕ್ಕ ಹಿಡಿದು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯ ಕೆಳಗೆ ತೇವ ಇತ್ತು.

ಅವಳು ಟೇಪನ್ನು ಎಳೆಯುತ್ತ ಗೋಡೆಯವರೆಗೆ ಹೋದಳು. ಅಲ್ಲಿಂದ, ಮಂಗಳವಾರದ ಅದೇ ಧ್ವನಿಯಲ್ಲಿ, ಮಂಗಳವಾರದ ಅದೇ ಮಾತು ಕೇಳಿದಳು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಒಂದು ಹೆಜ್ಜೆ ಬಂದು ಕೇಳಿದಳು. ಇಲ್ಲ. ಇನ್ನೊಂದು ಹೆಜ್ಜೆ. ಇಲ್ಲ. ಮೇಜಿನ ತುದಿಗೆ ಬಂದು ಕೇಳಿದಳು, ಅವನ ಹುಬ್ಬು ಸ್ವಲ್ಪ ಗಂಟಾಯಿತು, ಅಷ್ಟೇ. ಆದರೂ ಅವಳು ಧ್ವನಿ ಏರಿಸಲಿಲ್ಲ. ಟೇಪು ಅವಳ ಅಂಗೈಯೊಳಗೆ ಇಷ್ಟಿಷ್ಟೇ ಸುತ್ತಿಕೊಳ್ಳುತ್ತಿತ್ತು. ಅವನ ಅಂಗಿಯ ಗ್ರೀಸಿನ ವಾಸನೆ ಬರತೊಡಗಿತು. ಕಿವಿಯ ಮೇಲೆ ನೆರೆತ ಎರಡು ಕೂದಲು ಕಂಡವು. ಅವಳು ಮತ್ತೆ ಕೇಳಿದಳು.

"ಆಯ್ತು" ಎಂದ ಅವನು, ಕಣ್ಣು ತೆರೆಯದೆ.

ಅವಳು ಟೇಪನ್ನು ಅಲ್ಲೇ ಬಿಗಿಯಾಗಿ ಹಿಡಿದು, ಬೆಳಕಿಗೆ ತಿರುಗಿಸಿ ಓದಿದಳು. ಮೂವತ್ತನಾಲ್ಕು ಸೆಂಟಿಮೀಟರ್.